ಕೂದಲೆಳೆಯಷ್ಟು ಬಿಗಿ

ಎತ್ತಿನ ಗಾಡಿ ಹೂಡುವ ರೈತನು ನೊಗವನ್ನು ಎತ್ತುಗಳ ಹೆಗಲಿಗೇರಿಸುವ ಮೊದಲು ಗಾಲಿಯ ಬಳಿ ಬಗ್ಗಿ, ಅಚ್ಚಿನ ತುದಿಯ ಕಡಾಣಿಯನ್ನೊಮ್ಮೆ ಕೈಯಿಂದ ಮುಟ್ಟಿ ನೋಡುವನು. ಬೆರಳುದ್ದದ ಆ ಕಬ್ಬಿಣದ ಕೀಲು ಜಾರಿದರೆ ಗಾಲಿ ಕಳಚುವುದೆಂದೂ, ಗಾಲಿ ಕಳಚಿದರೆ ಹೇರು, ಎತ್ತು, ಆಳು ಎಲ್ಲವೂ ಹಳ್ಳದ ಪಾಲಾಗುವುದೆಂದೂ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಡಿಯಿಂದ ಇಳಿದು ಕಾರನ್ನೇರಿದ ಮನುಷ್ಯನು ಮಾತ್ರ ಈ ಎಚ್ಚರವನ್ನು ಗಾಡಿಯಲ್ಲಿಯೇ ಬಿಟ್ಟುಬಂದಂತಿದೆ. ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಹೆಂಡಿರು ಮಕ್ಕಳೊಡನೆ ಹೆದ್ದಾರಿಯಲ್ಲಿ ಸಾಗುವಾಗ, ತನ್ನ ಸಂಸಾರವೆಲ್ಲ ಒಂದೊಂದು ಗಾಲಿಗೆ ನಾಲ್ಕೈದರಂತಿರುವ ಸಣ್ಣ ನಟ್ಟುಗಳನ್ನು ನೆಚ್ಚಿ ಹೋಗುತ್ತಿದೆಯೆಂಬುದು ಅವನ ನೆನಪಿಗೆ ಬರುವುದು ಪಂಕ್ಚರ್ ಆದ ದಿನ ಮಾತ್ರ.

ಆ ದಿನವಾದರೂ ನಡೆಯುವುದೇನು? ದಾರಿಬದಿಯ ಪಂಕ್ಚರ್ ಅಂಗಡಿಯಲ್ಲಿ ಗಾಲಿಯನ್ನು ಮತ್ತೆ ಜೋಡಿಸುವ ಹೊತ್ತಿಗೆ ಕಾರಿನ ಒಡೆಯರು ತಪ್ಪದೆ ಒಂದು ಮಾತು ಹೇಳುತ್ತಾರೆ: “ಚೆನ್ನಾಗಿ ಬಿಗಿ ಮಾಡಪ್ಪಾ, ದೂರ ಹೋಗಬೇಕು.” ಅಂಗಡಿಯ ಹುಡುಗನು ಸ್ಪ್ಯಾನರಿನ ಮೇಲೆ ಹತ್ತಿ ನಿಂತು, ಮೈಭಾರವನ್ನೆಲ್ಲ ಬಿಟ್ಟು ಎರಡು ಸಲ ಕುಣಿದು, ಅಭಿಮಾನದಿಂದ ಉತ್ತರ ಕೊಡುತ್ತಾನೆ: “ಯೋಚನೆ ಮಾಡಬೇಡಿ ಸಾರ್, ಇನ್ನು ಈ ಜನ್ಮದಲ್ಲಿ ಬಿಚ್ಚೋದಿಲ್ಲ!” ಕೇಳಿದವರಿಗೂ ಸಮಾಧಾನ, ಹೇಳಿದವನಿಗೂ ಸಮಾಧಾನ. ಆದರೆ ಹುಡುಗನ ಮಾತಿನಲ್ಲಿ ಅವನೇ ಅರಿಯದ ಸತ್ಯವೊಂದು ಅಡಗಿದೆ. ಮುಂದೊಂದು ರಾತ್ರಿ ಘಟ್ಟದ ನಡುವೆ ಗಾಲಿ ಬದಲಾಯಿಸಬೇಕಾಗಿ ಬಂದಾಗ ಆ ನಟ್ಟು ನಿಜವಾಗಿಯೂ ಬಿಚ್ಚುವುದಿಲ್ಲ. ಬಿಚ್ಚದಿರುವುದು ಒಂದು ಕೇಡಾದರೆ, ಅತಿ ಬಿಗಿತದಿಂದ ಒಳಗೊಳಗೇ ಸೋತು ಮುರಿಯಲು ಸಿದ್ಧವಾಗಿರುವುದು ಅದಕ್ಕಿಂತ ದೊಡ್ಡ ಕೇಡು. ನಟ್ಟಿನ ಬಿಗಿತವು ತೋಳ್ಬಲದ ಮಾತಲ್ಲ, ಅಳತೆಯ ಮಾತು. ಆ ಅಳತೆಯಾದರೂ ಎಷ್ಟು ಸೂಕ್ಷ್ಮವಾದುದೆಂದರೆ, ಕೇಳಿದವರು ಬೆರಗಾಗಬೇಕು.

ಇದನ್ನು ತಿಳಿಯಲು ನಟ್ಟು ಮಾಡುವ ಕೆಲಸವೇನೆಂಬುದನ್ನು ಮೊದಲು ಅರಿಯಬೇಕು. ಕಾರಿನ ಗಾಲಿ ಕುಳಿತುಕೊಳ್ಳುವ ಉಕ್ಕಿನ ಬಿಲ್ಲೆಗೆ ಹಬ್ ಎಂದು ಹೆಸರು. ಅದರಿಂದ ನಾಲ್ಕು, ಐದು ಅಥವಾ ಆರು ಸ್ಟಡ್ಡುಗಳು, ಎಂದರೆ ಥ್ರೆಡ್ ಕೊರೆದ ಉಕ್ಕಿನ ಗೂಟಗಳು, ಹೊರಚಾಚಿರುತ್ತವೆ. ಯುರೋಪಿನ ಕೆಲವು ಕಾರುಗಳಲ್ಲಿ ಸ್ಟಡ್ಡಿಲ್ಲದೆ ಬೋಲ್ಟುಗಳನ್ನೇ ಹಬ್ಬಿನೊಳಕ್ಕೆ ತಿರುಗಿಸುವ ಏರ್ಪಾಡುಂಟು. ತತ್ತ್ವ ಮಾತ್ರ ಒಂದೇ. ಗಾಲಿಯ ತೂತುಗಳನ್ನು ಈ ಸ್ಟಡ್ಡುಗಳಿಗೆ ಪೋಣಿಸಿ ಮೇಲೆ ನಟ್ಟು ಹಾಕುತ್ತಾರೆ. ಗೋಡೆಯ ಗೂಟಕ್ಕೆ ಅಂಗಿ ತೂಗುಹಾಕಿದಂತೆ ಕಾರಿನ ಭಾರವು ಈ ಗೂಟಗಳ ಮೇಲೆ ಕುಳಿತಿದೆ, ನಟ್ಟು ಗಾಲಿಯನ್ನು ಹೊರಗೆ ಜಾರದಂತೆ ತಡೆದಿದೆ ಎಂದು ನೋಡಿದವರು ಭಾವಿಸುವುದು ಸಹಜ. ವಾಸ್ತವ ಹಾಗಿಲ್ಲ.

ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ ಹತ್ತು ಪುಸ್ತಕಗಳನ್ನು ಎರಡು ಅಂಗೈಗಳ ನಡುವೆ ಅದುಮಿ ಒಟ್ಟಿಗೆ ಎತ್ತುವುದನ್ನು ನೆನೆದುಕೊಳ್ಳಬಹುದು. ನಡುವಣ ಪುಸ್ತಕಗಳ ಅಡಿಯಲ್ಲಿ ಯಾವ ಆಸರೆಯೂ ಇಲ್ಲ. ಅದುಮುವ ಬಲದಿಂದ ಹುಟ್ಟಿದ ಘರ್ಷಣೆಯೇ ಅವನ್ನು ಬೀಳದಂತೆ ಹಿಡಿದಿರುತ್ತದೆ. ಅಂಗೈ ಕೊಂಚ ಸಡಿಲಿದರೆ ಎಲ್ಲವೂ ನೆಲದ ಮೇಲೆ. ಗಾಲಿಯ ಸಂಗತಿಯೂ ಇದೇ. ನಟ್ಟುಗಳು ಗಾಲಿಯನ್ನು ಹಬ್ಬಿನ ಮುಖಕ್ಕೆ ಬಲವಾಗಿ ಅದುಮಿ ಹಿಡಿಯುತ್ತವೆ. ಆ ಎರಡು ಲೋಹದ ಮುಖಗಳ ನಡುವಣ ಘರ್ಷಣೆಯೇ ಕಾರಿನ ಭಾರವನ್ನೂ, ಬ್ರೇಕು ಹಾಕಿದಾಗಿನ ಎಳೆತವನ್ನೂ, ತಿರುವಿನಲ್ಲಿ ಬರುವ ನೂಕನ್ನೂ ತಡೆದುಕೊಳ್ಳುತ್ತದೆ. ಎಲ್ಲವೂ ಸರಿಯಾಗಿದ್ದಾಗ ಸ್ಟಡ್ಡಿನ ಮೇಲೆ ಅಡ್ಡಭಾರ ಬೀಳುವುದೇ ಇಲ್ಲವೆನ್ನಬಹುದು. ಅದರ ಕೆಲಸ ಎಳೆದು ಹಿಡಿಯುವುದು, ಅಷ್ಟೆ.

ಎಳೆದು ಹಿಡಿಯುವ ಬಲ ಉಕ್ಕಿನ ಗೂಟಕ್ಕೆ ಎಲ್ಲಿಂದ ಬಂದೀತು? ಇಲ್ಲಿಯೇ ಸ್ವಾರಸ್ಯವಿರುವುದು. ಸ್ಪ್ರಿಂಗನ್ನು ಎಷ್ಟು ಎಳೆದರೆ ಅಷ್ಟೇ ಪ್ರಮಾಣದಲ್ಲಿ ಅದು ಹಿಂದಕ್ಕೆ ಎಳೆಯುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದರು. ಉಕ್ಕಿನ ಸ್ಟಡ್ಡೂ ಒಂದು ಸ್ಪ್ರಿಂಗೇ. ನಟ್ಟನ್ನು ತಿರುಗಿಸಿದಂತೆ ಸ್ಟಡ್ಡು ಉದ್ದವಾಗುತ್ತದೆ. ಹಳೆಯ ಉದ್ದಕ್ಕೆ ಮರಳಲು ಹವಣಿಸುತ್ತ ಗಾಲಿಯನ್ನು ಹಬ್ಬಿಗೆ ಅದುಮುತ್ತದೆ. ಸಾಮಾನ್ಯ ಕಾರಿನ 12 ಮಿಲಿಮೀಟರ್ ದಪ್ಪದ ಸ್ಟಡ್ಡಿನ ಮೇಲೆ ನಟ್ಟನ್ನು 100 ನ್ಯೂಟನ್-ಮೀಟರಿನಷ್ಟು ಬಿಗಿದರೆ, ಆ ಒಂದು ಸ್ಟಡ್ಡು ಸುಮಾರು 4 ಟನ್ ಭಾರದಷ್ಟು ಬಲದಿಂದ ಎಳೆಯುತ್ತದೆ. ನಾಲ್ಕು ಸ್ಟಡ್ಡುಗಳು ಸೇರಿ 16 ಟನ್! ಇಡೀ ಸಣ್ಣ ಕಾರು ತೂಗುವುದು ಒಂದು ಟನ್ನಿನ ಆಜುಬಾಜು.

ಇಷ್ಟು ಬಲ ಕೊಡಲು ಸ್ಟಡ್ಡು ಎಷ್ಟು ಹಿಗ್ಗಬೇಕು? ಲೆಕ್ಕ ಹಾಕಿದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಮಾತ್ರ. ಅದು ಮನುಷ್ಯನ ತಲೆಗೂದಲಿನ ದಪ್ಪ. ಕಾರಿನ ಗಾಲಿ ಸ್ವಸ್ಥಾನದಲ್ಲಿ ನಿಂತಿರುವುದು ಈ ಕೂದಲೆಳೆಯಷ್ಟು ಹಿಗ್ಗನ್ನು ನಂಬಿ. ನಟ್ಟುಗಳ ವಿಷಯದಲ್ಲಿ ತಿಳಿದವರು ಹೇಳುವ ಕಟ್ಟುಪಾಡುಗಳೆಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಮೊದಲನೆಯದು ಶುಚಿಯ ಕಟ್ಟುಪಾಡು. ಗಾಲಿಗೂ ಹಬ್ಬಿಗೂ ನಡುವೆ ತುಕ್ಕಿನ ಪದರವೋ, ಒಣಗಿದ ಕೆಸರೋ, ಹೊಸದಾಗಿ ಬಳಿದ ಬಣ್ಣವೋ ಇದ್ದರೆ, ಬಿಗಿದಾಗ ಎಲ್ಲವೂ ಗಟ್ಟಿಯಾಗಿಯೇ ತೋರುತ್ತದೆ. ಕಾರು ಓಡತೊಡಗಿದ ಮೇಲೆ ಅದುಮಿಗೆ ಸಿಕ್ಕ ತುಕ್ಕು ಪುಡಿಯಾಗುತ್ತದೆ, ಬಣ್ಣ ಚಪ್ಪಟೆಯಾಗುತ್ತದೆ. ಆ ಪದರದ ದಪ್ಪವೂ ಕೂದಲಿನಷ್ಟೇ! ಅದು ಕರಗಿದಷ್ಟೂ ಸ್ಟಡ್ಡಿನ ಹಿಗ್ಗು ಇಳಿಯುತ್ತದೆ. ಪೂರ್ತಿ ಕರಗಿದರೆ ನಾಲ್ಕು ಟನ್ನಿನ ಹಿಡಿತ ಏನೂ ಇಲ್ಲವಾಗುತ್ತದೆ. ನಟ್ಟು ಒಂದಿಷ್ಟೂ ತಿರುಗದೆ, ಕಣ್ಣಿಗೆ ಇದ್ದಂತೆಯೇ ಇದ್ದು, ಗಾಲಿ ಸಡಿಲವಾಗಬಲ್ಲುದು. ಉಪ್ಪುಗಾಳಿ ಬೀಸುವ ಕರಾವಳಿಯ ಊರುಗಳಲ್ಲಿ ಹಬ್ಬಿನ ಮುಖವನ್ನು ತಂತಿಬ್ರಷ್ಷಿನಿಂದ ಉಜ್ಜುವುದು ಇದಕ್ಕಾಗಿಯೇ ಅಗತ್ಯ.

ಎರಡನೆಯದು ಮರುಪರೀಕ್ಷೆಯ ಕಟ್ಟುಪಾಡು. ಎಷ್ಟೇ ಶುಚಿಯಾಗಿ ಜೋಡಿಸಿದರೂ ಲೋಹದ ಮುಖಗಳು ಒಂದಕ್ಕೊಂದು ಒಗ್ಗಿಕೊಳ್ಳುವಾಗ ಸೂಕ್ಷ್ಮವಾಗಿ ತಗ್ಗುತ್ತವೆ. ಉಕ್ಕಿಗಿಂತ ಮೆದುವಾದ ಅಲಾಯ್ ಗಾಲಿಗಳಲ್ಲಂತೂ ಇದು ಇನ್ನೂ ಹೆಚ್ಚು. ಆದಕಾರಣ ಗಾಲಿ ಕಳಚಿ ಹಾಕಿದ ಮೇಲೆ 80ರಿಂದ 100 ಕಿಲೋಮೀಟರು ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಅಳತೆಗೆ ಬಿಗಿಯಬೇಕು. ಐದು ನಿಮಿಷದ ಈ ಕೆಲಸವನ್ನು ಮಾಡುವವರು ವಿರಳ. ಮಾಡದೆ ಕೆಟ್ಟವರು ಉಂಟು.

ಸಡಿಲವಾದ ಗಾಲಿಯ ಕಥೆಯೇನು? ಹಿಡಿತ ಕಡಿಮೆಯಾದೊಡನೆ ಗಾಲಿ ಹಬ್ಬಿನ ಮೇಲೆ ಅತ್ತಿತ್ತ ಜಾರತೊಡಗುತ್ತದೆ. ಹೀಗೆ ಅಡ್ಡಡ್ಡವಾಗಿ ಜಾರುವ ಅಲುಗಾಟವೇ ನಟ್ಟನ್ನು ತಾನಾಗಿ ಬಿಚ್ಚಿಸುವ ಮುಖ್ಯ ಕಾರಣವೆಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು. ಜಾರಲು ಎಡೆಗೊಡದಷ್ಟು ಅದುಮುಬಲವಿದ್ದರೆ ನಟ್ಟು ನಿಲ್ಲುತ್ತದೆ. ಇಲ್ಲದಿದ್ದರೆ ಪ್ರತಿಯೊಂದು ಜಾರಿಗೂ ಒಂದಿಷ್ಟು ಹಿಂದೆ ಸರಿಯುತ್ತದೆ. ಅದುವರೆಗೆ ಎಳೆತವನ್ನಷ್ಟೇ ಹೊತ್ತಿದ್ದ ಸ್ಟಡ್ಡು ಈಗ ಗಾಲಿಯ ಪ್ರತಿ ಸುತ್ತಿಗೂ ಬಾಗಬೇಕಾಗುತ್ತದೆ. ಸಣ್ಣ ಕಾರಿನ ಗಾಲಿ ಒಂದು ಕಿಲೋಮೀಟರಿನಲ್ಲಿ ಸುಮಾರು 550 ಸುತ್ತು ತಿರುಗುತ್ತದೆ. ನೂರು ಕಿಲೋಮೀಟರಿಗೆ 55,000 ಸುತ್ತು. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುವುದನ್ನು ಬಲ್ಲವರಿಗೆ ಮುಂದಿನ ಗತಿಯನ್ನು ವಿವರಿಸಬೇಕಾಗಿಲ್ಲ. ಒಂದು ಸ್ಟಡ್ಡು ತುಂಡಾದರೆ ಅದರ ಪಾಲಿನ ಭಾರ ನೆರೆಯವುಗಳ ಮೇಲೆ. ಅವೂ ಒಂದಾದ ಮೇಲೊಂದು ಮುರಿಯುತ್ತವೆ.

ಅದೃಷ್ಟಕ್ಕೆ ಗಾಲಿ ಮುನ್ಸೂಚನೆ ಕೊಡದೆ ಹೋಗುವುದು ಅಪರೂಪ. ನಿಧಾನವಾಗಿ ಹೋಗುವಾಗ ಗಾಲಿಯ ಕಡೆಯಿಂದ ಟಕ್ ಟಕ್ ಎಂಬ ಶಬ್ದ, ಸ್ಟೀರಿಂಗಿನಲ್ಲಿ ಹೊಸದಾಗಿ ಕಾಣಿಸಿಕೊಂಡ ನಡುಕ, ನಟ್ಟಿನ ಸುತ್ತ ಹೊಳೆಯುವ ಸವೆದ ಗುರುತು, ನಟ್ಟಿನಿಂದ ಹೊರಕ್ಕೆ ಹರಿದಂತಿರುವ ತುಕ್ಕಿನ ಗೆರೆ, ಇವು ಅದರ ಭಾಷೆ. ಇವುಗಳಲ್ಲಿ ಒಂದನ್ನು ಕೇಳಿದರೂ ಕಂಡರೂ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ನೋಡಬೇಕು. ಮುಂದಿನ ಊರಿಗೆ ಹೋಗಿ ನೋಡೋಣವೆಂಬುದು ಇಲ್ಲಿ ಸಲ್ಲದು.

ಇನ್ನು ಅತಿ ಬಿಗಿತದ ಕೇಡು. ಸ್ಪ್ರಿಂಗನ್ನು ಒಂದು ಮಿತಿಯವರೆಗೆ ಎಳೆದರೆ ಹಿಂದಕ್ಕೆ ಬರುತ್ತದೆ. ಮಿತಿ ಮೀರಿದರೆ ಹಿಗ್ಗಿದಂತೆಯೇ ಉಳಿದುಬಿಡುತ್ತದೆ. ಸ್ಟಡ್ಡಿಗೂ ಇದೇ ನ್ಯಾಯ. ಕಾರುಗಳ ನಟ್ಟಿಗೆ ತಯಾರಕರು ಗೊತ್ತುಮಾಡುವ ಬಿಗಿತ ಸಾಮಾನ್ಯವಾಗಿ 80ರಿಂದ 140 ನ್ಯೂಟನ್-ಮೀಟರುಗಳ ಒಳಗಿರುತ್ತದೆ. ತನ್ನ ಕಾರಿನದು ಎಷ್ಟೆಂಬುದನ್ನು ಒಡೆಯನು ಕೈಪಿಡಿಯಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು. 100 ನ್ಯೂಟನ್-ಮೀಟರ್ ಎಂದರೆ, ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು ಸುಮಾರು 10 ಕಿಲೋ ಭಾರದಷ್ಟು ಒತ್ತುವುದು. ಕಾಲು ಮೀಟರ್ ಉದ್ದದ ಸ್ಪ್ಯಾನರಾದರೆ 40 ಕಿಲೋ. 60 ಕಿಲೋ ತೂಗುವ ಹುಡುಗನು ಕಾಲು ಮೀಟರಿನ ಸ್ಪ್ಯಾನರಿನ ತುದಿಯಲ್ಲಿ ಸುಮ್ಮನೆ ನಿಂತರೇ ಬಿಗಿತ 150ಕ್ಕೆ ಹತ್ತಿರ ಬರುತ್ತದೆ. ಕುಣಿದರೆ ಅದರ ಇಮ್ಮಡಿಯಾದರೂ ಆದೀತು. ಒಂದು ಮೀಟರಿನ ಪೈಪನ್ನು ತೂರಿಸಿ ಮೈಭಾರ ಬಿಟ್ಟರೆ 600ರ ಸಮೀಪ! ಗಾಳಿಯಿಂದ ಓಡುವ ಗನ್ನುಗಳಿಗಂತೂ ಆಯಾಸವೆಂಬುದೇ ಇಲ್ಲ. ದೊಡ್ಡ ಗನ್ನು 500 ನ್ಯೂಟನ್-ಮೀಟರನ್ನು ಕೆಲವೇ ಕ್ಷಣಗಳಲ್ಲಿ ದಾಟಬಲ್ಲುದು.

ಹೀಗೆ ಮಿತಿಮೀರಿದ ಸ್ಟಡ್ಡು ಕೆಲವೊಮ್ಮೆ ಅಲ್ಲಿಯೇ ಮುರಿಯುತ್ತದೆ. ಅದು ಪುಣ್ಯ, ಹೊಸದನ್ನು ಹಾಕಿಸಬಹುದು. ಮುರಿಯದೆ, ಥ್ರೆಡ್ ಎಳೆದುಹೋಗಿ, ಸತ್ತ್ವಗುಂದಿ, ಹೊರಗೆ ಗಟ್ಟಿಯಾಗಿ ಕಾಣುತ್ತ ಉಳಿದರೆ ಅದೇ ಅಪಾಯ. ನಟ್ಟುಗಳನ್ನು ಏರುಪೇರಾಗಿ ಅತಿ ಬಿಗಿದರೆ ಹಬ್ಬಿಗೂ ಗಾಲಿಗೂ ನಡುವೆ ಸಿಕ್ಕ ಬ್ರೇಕಿನ ಡಿಸ್ಕು ಸೊಟ್ಟಗಾಗಿ, ಬ್ರೇಕು ಒತ್ತಿದಾಗಲೆಲ್ಲ ಕಾಲಿಗೆ ಅದರುವುದುಂಟು. ಇವೆಲ್ಲಕ್ಕೂ ಮಿಗಿಲಾಗಿ, ಮಳೆಯಲ್ಲಿ, ಕತ್ತಲಲ್ಲಿ, ಮುದಿ ತಂದೆಯನ್ನು ಕೂರಿಸಿಕೊಂಡು ಹೊರಟ ಹೆಣ್ಣುಮಗಳೊಬ್ಬಳು ಕಾರಿನೊಡನೆ ಬಂದ ಪುಟ್ಟ ಸ್ಪ್ಯಾನರನ್ನು ಹಿಡಿದು, 500ಕ್ಕೆ ಬಿಗಿದ ನಟ್ಟಿನ ಮುಂದೆ ಅಸಹಾಯಳಾಗಿ ನಿಲ್ಲುವಳಲ್ಲ, ಆ ಹೊತ್ತಿನಲ್ಲಿ ಸ್ಟೆಪ್ನಿ ಇದ್ದೂ ಇಲ್ಲದಂತೆಯೇ ಸರಿ.

ಮೋಟಾರು ಪಂದ್ಯಗಳ ಇತಿಹಾಸದಲ್ಲಿ ಒಂದು ನಟ್ಟು ಗೆಲವನ್ನು ಕಸಿದುಕೊಂಡ ಪ್ರಸಂಗಗಳಿವೆ. ಫಾರ್ಮುಲಾ ಒನ್ ಕಾರಿನ ಪ್ರತಿ ಗಾಲಿಗೂ ನಡುವೆ ಒಂದೇ ದೊಡ್ಡ ನಟ್ಟು. 1987ರ ಹಂಗೆರಿಯ ಪಂದ್ಯದಲ್ಲಿ ನೈಜೆಲ್ ಮ್ಯಾನ್ಸೆಲ್ ಎಲ್ಲರಿಗಿಂತ ಮುಂದಿದ್ದರು. ಒಟ್ಟು 76 ಸುತ್ತುಗಳಲ್ಲಿ ಕೆಲವೇ ಉಳಿದಿರುವಾಗ ಹಿಂದಿನ ಗಾಲಿಯೊಂದರ ನಟ್ಟು ಕಳಚಿಹೋಯಿತು. ಅವರದೇ ತಂಡದ ನೆಲ್ಸನ್ ಪಿಕೆ ಗೆದ್ದರು. ಆ ವರ್ಷದ ವಿಶ್ವಪದವಿಯೂ ಪಿಕೆಯವರಿಗೇ ಹೋಯಿತು. 2021ರ ಮೊನಾಕೊ ಪಂದ್ಯದಲ್ಲಿ ಇದಕ್ಕೆ ವಿರುದ್ಧವಾದ ಕಥೆ. ಎರಡನೆಯ ಸ್ಥಾನದಲ್ಲಿದ್ದ ವಾಲ್ಟೆರಿ ಬೊಟ್ಟಾಸ್ ಟೈರು ಬದಲಾಯಿಸಲು ನಿಂತಾಗ ಗನ್ನು ನಟ್ಟಿನ ಮೇಲೆ ನೆಟ್ಟಗೆ ಕೂರದೆ ಅದರ ಹಲ್ಲುಗಳನ್ನು ಅರೆದುಹಾಕಿತು. ಗಾಲಿ ಬಿಚ್ಚಲಿಲ್ಲ; ಪಂದ್ಯ ಅಲ್ಲಿಗೇ ಮುಗಿಯಿತು. ಕಾರನ್ನು ಇಂಗ್ಲೆಂಡಿನ ಕಾರ್ಖಾನೆಗೆ ಒಯ್ದ ಮೇಲೆಯೇ ಆ ಗಾಲಿ ಹೊರಬಂದುದು. ಜಗತ್ತಿನ ಅತಿ ನುರಿತ ಕೈಗಳಿಗೂ ನಟ್ಟು ರಿಯಾಯಿತಿ ತೋರುವುದಿಲ್ಲ.

ಎಣ್ಣೆಯ ವಿಷಯದಲ್ಲೊಂದು ಮಾತು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿ ಬೆಳೆದ ನಾಡಿನಲ್ಲಿ, ತಿರುಗುವ ಕಡೆಯಲ್ಲೆಲ್ಲ ಒಂದು ತೊಟ್ಟು ಎಣ್ಣೆ ಬಿಡುವುದು ಒಳ್ಳೆಯದೆಂಬ ನಂಬಿಕೆ ಬಲವಾಗಿದೆ. ಸ್ಟಡ್ಡಿನ ಮಟ್ಟಿಗೆ ಅದು ಸರಿಯಲ್ಲ. ನಟ್ಟನ್ನು ತಿರುಗಿಸಲು ಹಾಕಿದ ಬಲವನ್ನು ಹತ್ತು ಪಾಲು ಮಾಡಿದರೆ, ಸುಮಾರು ಐದು ಪಾಲು ನಟ್ಟಿನ ಅಡಿಯ ಘರ್ಷಣೆಗೂ ನಾಲ್ಕು ಪಾಲು ಥ್ರೆಡ್ಡಿನ ಘರ್ಷಣೆಗೂ ವ್ಯಯವಾಗಿ, ಸ್ಟಡ್ಡನ್ನು ಹಿಗ್ಗಿಸಲು ಉಳಿಯುವುದು ಒಂದೇ ಪಾಲು. ಎಣ್ಣೆ ಹಾಕಿದರೆ ಘರ್ಷಣೆ ತಗ್ಗಿ ಆ ಒಂದು ಪಾಲು ಹಿಗ್ಗುತ್ತದೆ. ಸ್ಪ್ಯಾನರಿನ ಮೇಲಿನ ಬಲ ಅಷ್ಟೇ ಇದ್ದರೂ ಸ್ಟಡ್ಡಿನ ಮೇಲಿನ ಎಳೆತ ಮೂರರಲ್ಲಿ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಏರಬಹುದು. ಕೈಪಿಡಿಯಲ್ಲಿ ಬೇರೆ ರೀತಿ ಹೇಳಿದ್ದಲ್ಲದೆ, ಅಲ್ಲಿ ಬರೆದ ಅಳತೆ ಒಣಗಿದ, ಶುಚಿಯಾದ ಥ್ರೆಡ್ಡಿಗೆ ಸಂಬಂಧಿಸಿದ್ದೆಂದೇ ತಿಳಿಯಬೇಕು.

ಇಷ್ಟನ್ನು ಅರಿತ ಮೇಲೆ ಕೆಲಸದ ಕ್ರಮ ಸುಲಭ. ಕಾರನ್ನು ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಬೇರೆ ಗಾಲಿಗೆ ಕಲ್ಲು ಕೊಡಬೇಕು. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕಿ ಕೊಡಬೇಕು. ಹಬ್ಬಿನ ಮುಖ, ಗಾಲಿಯ ಒಳಮುಖ, ಥ್ರೆಡ್ಡು ಇವನ್ನು ಒರಸಿ ನೋಡಬೇಕು. ನಟ್ಟಿನ ಶಂಕುವಿನಾಕಾರದ ಕಡೆ ಗಾಲಿಯತ್ತ ಇರಬೇಕು. ಕೆಲವು ಗಾಲಿಗಳಿಗೆ ಶಂಕುವಿನ ಬದಲು ಗುಂಡಗಿನ ಅಥವಾ ಚಪ್ಪಟೆಯ ನಟ್ಟುಗಳಿರುತ್ತವೆ; ಅಲಾಯ್ ಗಾಲಿಯ ನಟ್ಟು ಉಕ್ಕಿನ ಗಾಲಿಗೆ ಹೊಂದಲೇಬೇಕೆಂಬ ನಿಯಮವಿಲ್ಲ. ಹೊಂದದ ನಟ್ಟು ಎಷ್ಟು ಬಿಗಿದರೂ ಅಂಚಿನಲ್ಲಷ್ಟೇ ಕುಳಿತು ಬೇಗನೆ ಸಡಿಲವಾಗುತ್ತದೆ. ಪ್ರತಿಯೊಂದು ನಟ್ಟನ್ನೂ ಮೊದಲ ನಾಲ್ಕೈದು ಸುತ್ತು ಬರಿಗೈಯಿಂದಲೇ ತಿರುಗಿಸಬೇಕು. ಕೈಗೆ ಬಾರದ ನಟ್ಟು ಥ್ರೆಡ್ಡಿನಲ್ಲಿ ಸೊಟ್ಟಗೆ ಕುಳಿತಿದೆಯೆಂದೇ ಅರ್ಥ.

ಬಿಗಿಯುವಾಗ ಒಂದರ ಪಕ್ಕದಲ್ಲಿ ಇನ್ನೊಂದೆಂದು ಸುತ್ತಿಕೊಂಡು ಹೋಗಬಾರದು. ನಾಲ್ಕು ನಟ್ಟಿದ್ದರೆ ಒಂದನ್ನು ಬಿಗಿದು ಅದರ ಎದುರಿನದನ್ನು ಬಿಗಿಯಬೇಕು. ಐದಿದ್ದರೆ ಒಂದನ್ನು ಬಿಟ್ಟು ಒಂದರಂತೆ, ರಂಗೋಲಿಯಲ್ಲಿ ಐದು ಮೂಲೆಯ ನಕ್ಷತ್ರ ಎಳೆದ ಹಾಗೆ ಹೋಗಬೇಕು. ಆಗ ಗಾಲಿ ಓರೆಯಾಗದೆ ನೆಟ್ಟಗೆ ಕೂರುತ್ತದೆ. ಜಾಕಿಯ ಮೇಲಿರುವಾಗ ಹಗುರವಾಗಿ ಒಂದು ಸುತ್ತು. ಇಳಿಸಿ ಟೈರು ನೆಲಕ್ಕೆ ತಗುಲಿದ ಮೇಲೆ ಅರ್ಧ ಅಳತೆಗೆ ಒಂದು ಸುತ್ತು. ಕಡೆಗೆ ಪೂರ್ತಿ ಅಳತೆಗೆ ಒಂದು ಸುತ್ತು.

ಅಳತೆ ತಿಳಿಯುವುದು ಟಾರ್ಕ್ ರೆಂಚಿನಿಂದ. ಗೊತ್ತುಮಾಡಿದ ಬಿಗಿತ ಬಂದೊಡನೆ ಅದು ಕ್ಲಿಕ್ ಎಂದು ಸದ್ದು ಮಾಡುತ್ತದೆ. ನಿಧಾನವಾಗಿ, ಒಂದೇ ಸಮನೆ ಎಳೆದು, ಸದ್ದು ಬಂದಲ್ಲಿಗೆ ನಿಲ್ಲಿಸಬೇಕು. ನಂಬಿಕೆಗಾಗಿ ಇನ್ನೆರಡು ಸಲ ಸದ್ದು ಬರಿಸುವವರು ಅಳತೆಯನ್ನು ಮೀರಿಸುತ್ತಾರೆ. ಗನ್ನಿನಿಂದ ಪೂರ್ತಿ ಬಿಗಿದು ಆಮೇಲೆ ರೆಂಚು ಹಾಕಿ ಕ್ಲಿಕ್ ಎನ್ನಿಸುವುದೂ ಬರಿಯ ಶಾಸ್ತ್ರ. ಬಿಗಿತ ಅಳತೆಗಿಂತ ಕಡಿಮೆಯಿಲ್ಲವೆಂದಷ್ಟೇ ಅದು ಹೇಳುತ್ತದೆ, ಹೆಚ್ಚಾಗಿದೆಯೆಂಬುದನ್ನು ಹೇಳದು. ನಟ್ಟು ಬಿಚ್ಚಲು ಈ ರೆಂಚನ್ನು ಬಳಸಕೂಡದು. ಕೆಲಸ ಮುಗಿದ ಮೇಲೆ ಕಡಿಮೆ ಅಂಕೆಗೆ ತಿರುಗಿಸಿ ಇಡಬೇಕು. ನಡುದಾರಿಯಲ್ಲಿ ರೆಂಚು ಇಲ್ಲದವರು ಕಾರಿನೊಡನೆ ಬಂದ ಸ್ಪ್ಯಾನರನ್ನು, ಪೈಪು ತೂರಿಸದೆ, ಕಾಲಿಡದೆ, ಕೈಯಿಂದ ಗಟ್ಟಿಯಾಗಿ ಎಳೆದು ಬಿಗಿದು, ಸಾಧ್ಯವಾದಷ್ಟು ಬೇಗ ಅಳತೆಯಲ್ಲಿ ನೋಡಿಸಿಕೊಳ್ಳುವುದು ಒಳ್ಳೆಯದು.

ಕಳಚಿದ ಗಾಲಿ ಕಾರಿನಲ್ಲಿದ್ದವರನ್ನಷ್ಟೇ ಬಾಧಿಸುವುದಿಲ್ಲ. ಟೈರು ಸೇರಿ ಹದಿನೈದು ಕಿಲೋ ತೂಗುವ ಗಾಲಿ ಕಾರಿನ ವೇಗದಲ್ಲಿಯೇ ಉರುಳಿ, ಹಾರಿ, ಬಸ್ಸಿಗೆ ಕಾಯುತ್ತಿರುವವರ ನಡುವೆಯೋ, ಎದುರಿನಿಂದ ಬರುವ ಸ್ಕೂಟರಿನ ಮೇಲೆಯೋ ಬೀಳಬಹುದು. ಅವರ ಕೈಯಲ್ಲಿ ಸ್ಪ್ಯಾನರಿರಲಿಲ್ಲ. ನಟ್ಟು ಬಿಗಿಯಾಗಿದೆಯೇ ಎಂದು ಕೇಳುವ ಅವಕಾಶವೂ ಅವರಿಗಿರಲಿಲ್ಲ. ಗಾಲಿ ಬದಲಾಯಿಸಿ ನೂರು ಕಿಲೋಮೀಟರು ಓಡಿದ ಕಾರಿನ ಒಡೆಯನು ನೆರಳಿನಲ್ಲಿ ನಿಲ್ಲಿಸಿ, ನಟ್ಟುಗಳನ್ನೊಮ್ಮೆ ಅಳತೆಗೆ ನೋಡಿಕೊಳ್ಳುವ ಐದು ನಿಮಿಷ ಅವರ ಪಾಲಿನದು.